ಕರೆಂಟು ಬಂದರೂ ತಿರುಗದ ಪಂಪು

ಅಕ್ವೇರಿಯಂ ಪಂಪುಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಹೆಚ್ಚಿನವು ನೀರಿನೊಳಗೇ ಮುಳುಗಿರುವ, ಕಡಿಮೆ ಬೆಲೆಯ ಪಂಪುಗಳವು.

ಪ್ರಶ್ನೆ: ಮೂರು ಅಡಿ ತೊಟ್ಟಿಗೆ 600 ರೂಪಾಯಿಯ ಪಂಪು ಹಾಕಿ ಏಳು ತಿಂಗಳಾಯಿತು. ಕರೆಂಟು ಹೋಗಿ ಬಂದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೈಯಲ್ಲಿ ತಟ್ಟಿದರೆ ಹೊರಡುತ್ತದೆ. ಮೋಟಾರು ಸುಟ್ಟಿದೆಯೇ? ನಮ್ಮದು ಬೋರ್‌ವೆಲ್ ನೀರು.
– ತುಮಕೂರಿನ ಓದುಗರು

ಉತ್ತರ: ಸುಟ್ಟಿಲ್ಲ. ಒಳಗಿನ ಕಾಯಿಲ್ (ತಂತಿಯ ಸುರುಳಿ) ಸುಟ್ಟು ತುಂಡಾಗಿದ್ದರೆ ಸದ್ದೇ ಬರುತ್ತಿರಲಿಲ್ಲ. ಇಂಥ ಪಂಪಿನಲ್ಲಿ ಕಾಯಿಲನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಹೊಯ್ದು ಮುಚ್ಚಿರುತ್ತಾರೆ, ಅದಕ್ಕೆ ನೀರು ತಾಗುವುದಿಲ್ಲ. ತಿರುಗುವುದು ಒಂದೇ ಒಂದು ಭಾಗ: ಬೆರಳಿನ ಗಾತ್ರದ ಆಯಸ್ಕಾಂತ, ಅದರ ತಲೆಗೆ ರೆಕ್ಕೆಗಳು. ಇದೇ ಇಂಪೆಲ್ಲರ್. ಅಗ್ಗದ ಪಂಪು ಕೈಕೊಡುವುದು ಹೆಚ್ಚಾಗಿ ಇಲ್ಲೇ.

ನಮ್ಮ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅಲೆಯಾಡುವ ಕರೆಂಟಿನಲ್ಲಿ ಆ ಆಯಸ್ಕಾಂತ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ನಿಂತಲ್ಲಿಂದ ಒಂದೇ ಏಟಿಗೆ ಆ ವೇಗ ಹಿಡಿಯುವುದು ಅದಕ್ಕೆ ಕಷ್ಟ. ಅದಕ್ಕೇ ಹಲವು ಪಂಪುಗಳಲ್ಲಿ ರೆಕ್ಕೆಯನ್ನು ಆಯಸ್ಕಾಂತಕ್ಕೆ ಬಿಗಿದಿರುವುದಿಲ್ಲ, ಸುಮಾರು ಅರ್ಧ ಸುತ್ತು ಸಡಿಲ ಬಿಟ್ಟಿರುತ್ತಾರೆ. ಆಯಸ್ಕಾಂತ ಮೊದಲು ಬರಿದೇ ಹೊರಟು, ಆಮೇಲೆ ರೆಕ್ಕೆಯನ್ನು ಎಳೆದುಕೊಂಡು ಹೋಗುತ್ತದೆ. ಗಡಸು ನೀರಿನ ಸುಣ್ಣ ಆ ಸಡಿಲದ ಸಂದಿಯಲ್ಲಿ ಕಟ್ಟಿಕೊಂಡರೆ ಮೊದಲ ಕ್ಷಣದಿಂದಲೇ ನೀರಿನ ಪೂರ್ತಿ ಭಾರ ಬೀಳುತ್ತದೆ. ಒಮ್ಮೆ ತಿರುಗುತ್ತಿದ್ದರೆ ತೊಂದರೆ ಕಾಣುವುದಿಲ್ಲ. ನಿಂತು ಮತ್ತೆ ಹೊರಡಬೇಕಾದಾಗ ಮಾತ್ರ ಸಿಕ್ಕಿಬೀಳುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ.

ಮಾಡಬೇಕಾದ್ದು ಹೀಗೆ. ಮೊದಲು ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಪಂಪನ್ನು ಹೊರತೆಗೆದು ಮುಂದಿನ ಜಾಲರಿ ಕಳಚಿ, ಅದರ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಅಥವಾ ನೇರ ಎಳೆದು ಬಿಚ್ಚಿ. ರೆಕ್ಕೆ ಹಿಡಿದು ಇಂಪೆಲ್ಲರನ್ನು ನೆಟ್ಟಗೆ ಎಳೆಯಿರಿ. ಆಯಸ್ಕಾಂತ ಒಳಗಿನಿಂದ ಜಗ್ಗುತ್ತದೆ, ಆಗ ಪಕ್ಕಕ್ಕೆ ಬಗ್ಗಿಸಬೇಡಿ: ನಡುವಿನ ಶಾಫ್ಟು ಪಿಂಗಾಣಿಯದಾದರೆ ಸೀಮೆಸುಣ್ಣದ ಹಾಗೆ ಪಟ್ಟನೆ ಮುರಿಯುತ್ತದೆ. ಶಾಫ್ಟಿನ ಎರಡು ತುದಿಗೂ ಪುಟ್ಟ ರಬ್ಬರ್ ಬುಶ್ ಇರುತ್ತದೆ. ಒಂದು ಇಂಪೆಲ್ಲರ್ ಜೊತೆ ಬರುತ್ತದೆ, ಇನ್ನೊಂದು ಬಹಳ ಸಲ ಇಂಪೆಲ್ಲರ್ ಕೂರುವ ಗುಂಡಿಯ ತಳದಲ್ಲೇ ಉಳಿಯುತ್ತದೆ. ತೊಳೆಯುವಾಗ ಅದು ಸಿಂಕಿನ ಕಿಂಡಿಗೆ ಬೀಳದಂತೆ ನೋಡಿಕೊಳ್ಳಿ. ಅದಿಲ್ಲದೆ ಕೂಡಿಸಿದ ಪಂಪು ಕರಕರ ಅನ್ನುತ್ತಾ ಬೇಗ ಸವೆಯುತ್ತದೆ.

ಈಗ ಆಯಸ್ಕಾಂತವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ರೆಕ್ಕೆ ಮೆಲ್ಲಗೆ ತಿರುಗಿಸಿ ನೋಡಿ. ಸಡಿಲ ಬಿಟ್ಟಿರುವ ನಮೂನೆಯಾದರೆ ಅರ್ಧ ಸುತ್ತು ಸಲೀಸಾಗಿ ಹೋಗಿ ತಡೆಯಬೇಕು. ಮರಳು ಸಿಕ್ಕಿದಂತೆ ಗರಗರ ಅಂದರೆ ಅಥವಾ ನಡುವೆ ಹಿಡಿದರೆ ಸುಣ್ಣ ಕೂತಿದೆ. ಬಲವಂತ ಮಾಡಬೇಡಿ, ಕೆಲವು ನಮೂನೆಗಳಲ್ಲಿ ರೆಕ್ಕೆಯನ್ನು ಅಂಟಿಸಿಯೇ ಇರುತ್ತಾರೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಇಂಪೆಲ್ಲರನ್ನು ಅರ್ಧ ಗಂಟೆ ನೆನೆಸಿ. ಬಿಳಿ ವಿನೆಗರ್ ಇದ್ದರೆ ಅಷ್ಟೇ ನೀರು ಬೆರೆಸಿ ಒಂದು ಗಂಟೆ. ಸುಣ್ಣ ಬಿಡುವಾಗ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತ ಮೇಲೂ ಬಿಳಿ ಉಳಿದಿದ್ದರೆ ದ್ರಾವಣ ಬದಲಾಯಿಸಿ ಮತ್ತೆ ಹಾಕಿ. ಇಂಪೆಲ್ಲರ್ ಕೂರುವ ಗುಂಡಿಯನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಅದೇ ನೀರಲ್ಲಿ ಉಜ್ಜಿ. ಕೊನೆಗೆ ಎಲ್ಲವನ್ನೂ ನಲ್ಲಿ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಸೋಪು ಬೇಡವೇ ಬೇಡ. ಎಣ್ಣೆ, ಗ್ರೀಸ್ ಕೂಡ ಬೇಡ: ಈ ಶಾಫ್ಟಿಗೆ ನೀರೇ ಎಣ್ಣೆ.

ಕೂಡಿಸಿ, ತೊಟ್ಟಿಗೆ ಹಾಕುವ ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ ಹತ್ತು ಸಲ ಸ್ವಿಚ್ ಹಾಕಿ ಆರಿಸಿ. ಹತ್ತಕ್ಕೆ ಹತ್ತು ಸಲವೂ ತಾನಾಗಿ ಹೊರಡಬೇಕು. ಒಂದು ಸಲ ತಪ್ಪಿದರೂ ನಂಬಬೇಡಿ, ನಡುರಾತ್ರಿ ಕರೆಂಟು ಬಂದಾಗ ತಟ್ಟುವುದಕ್ಕೆ ಯಾರೂ ಎದ್ದಿರುವುದಿಲ್ಲ. ಶಾಫ್ಟಿನಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ, ಆಯಸ್ಕಾಂತ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ತೊಳೆದು ಫಲವಿಲ್ಲ, ಇಂಪೆಲ್ಲರ್ ಬದಲಿಸಿ. ನಿಮ್ಮ ಬೋರ್‌ವೆಲ್ ನೀರಿಗೆ ತಿಂಗಳಿಗೊಮ್ಮೆ ಈ ಕೆಲಸ ಬೇಕು. ಮೆದು ನೀರಿನ ಊರುಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಸಾಕು.

ಪ್ರಶ್ನೆ: ಡಬ್ಬಿಯ ಮೇಲೆ ಗಂಟೆಗೆ 1500 ಲೀಟರ್, ಎತ್ತರ 1.8 ಮೀಟರ್ ಎಂದಿದೆ. ಕೆಳಗಿನ ಸಂಪಿನಿಂದ ಮೇಲಿನ ತೊಟ್ಟಿಗೆ ಅದರ ಅರ್ಧವೂ ಬರುತ್ತಿಲ್ಲ. ವೋಲ್ಟೇಜ್ ಕಮ್ಮಿ ಇರುವುದರಿಂದಲೇ?
– ಹುಬ್ಬಳ್ಳಿಯ ಓದುಗರು

ಉತ್ತರ: ವೋಲ್ಟೇಜಿನ ತಪ್ಪಲ್ಲ. ಈ ಪಂಪಿನ ವೇಗ ನಿರ್ಧಾರವಾಗುವುದು ಕರೆಂಟಿನ ಹರ್ಟ್ಸ್ ಮೇಲೆ. ವೋಲ್ಟೇಜ್ ಇಳಿದರೆ ಹೊರಡುವುದಕ್ಕೆ ತಿಣುಕಬಹುದು, ಆದರೆ ಹೊರಟ ಮೇಲೆ ನಿಧಾನವಾಗಿ ತಿರುಗುವುದಿಲ್ಲ.

ಡಬ್ಬಿಯ ಎರಡು ಅಂಕಿಗಳೂ ಒಟ್ಟಿಗೆ ನಿಜವಲ್ಲ. 1500 ಲೀಟರ್ ಬರುವುದು ನೀರನ್ನು ಮೇಲೆತ್ತುವ ಕೆಲಸವೇ ಇಲ್ಲದಾಗ. 1.8 ಮೀಟರ್ ಎತ್ತರದಲ್ಲಿ ಬರುವುದು ಸೊನ್ನೆ. ಎತ್ತರವನ್ನು ಪಂಪಿನಿಂದಲ್ಲ, ಸಂಪಿನ ನೀರಿನ ಮಟ್ಟದಿಂದ ಮೇಲಿನ ತೊಟ್ಟಿಯ ನೀರಿನ ಮಟ್ಟದವರೆಗೆ ಅಳೆಯಬೇಕು (ಪೈಪಿನ ಬಾಯಿ ನೀರಿನ ಮೇಲಿದ್ದರೆ ಆ ಬಾಯಿಯವರೆಗೆ). ಅದು 1.2 ಮೀಟರ್ ಇದ್ದರೆ, ಪೈಪು, ಬೆಂಡುಗಳ ತಡೆಯೂ ಸೇರಿ ಅರ್ಧ ಸಿಕ್ಕರೆ ಅದೃಷ್ಟ. 20 ಮಿ.ಮೀ. ಬಾಯಿಯ ಪಂಪಿಗೆ 12 ಮಿ.ಮೀ. ಪೈಪು ಸಿಕ್ಕಿಸಿದ್ದರೆ ನೀರು ಹಾಯುವ ಜಾಗವೇ ಮೂರನೇ ಒಂದರಷ್ಟಾಯಿತು, ಮೊದಲು ಅದನ್ನು ಬದಲಿಸಿ. ಆಮೇಲೆ ಮೇಲಿನ ಪೈಪಿನ ಬಾಯಿಗೆ, ಅದೇ ಎತ್ತರದಲ್ಲಿ, 10 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿ. 60 ಸೆಕೆಂಡಿಗೆ ತುಂಬಿದರೆ ಗಂಟೆಗೆ 600 ಲೀಟರ್. ಆ ಅಂಕಿ ಬರೆದಿಡಿ. ಮುಂದೆ ಅದು ಕಾಲು ಭಾಗ ಇಳಿದ ದಿನ ಪಂಪು ಬಿಚ್ಚುವ ಹೊತ್ತು ಬಂತು ಎಂದರ್ಥ.

ಕೇಳದಿದ್ದರೂ ಹೇಳಬೇಕಾದ್ದು ಒಂದಿದೆ. ಕರೆಂಟು ಹೋದಾಗ ಮೇಲಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಹರಿದು ಸಂಪು ಉಕ್ಕಬಹುದು. ಪೈಪಿನಲ್ಲಿ ಮೇಲಿನ ನೀರಿನ ಮಟ್ಟಕ್ಕಿಂತ ತುಸುವೇ ಕೆಳಗೆ 4 ಮಿ.ಮೀ. ತೂತು ಕೊರೆದರೆ ಗಾಳಿ ಹೊಕ್ಕು ಹರಿವು ಕಡಿಯುತ್ತದೆ. ಆ ತೂತಿಗೆ ಪಾಚಿ ಕಟ್ಟದಂತೆ ಆಗಾಗ ಕಡ್ಡಿ ಹಾಕಿ. ಬೇಕೆಂದೇ ಪಂಪು ಆರಿಸಿ, ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಒಮ್ಮೆ ನೋಡಿಬಿಡಿ.

ಪ್ರಶ್ನೆ: ಹೊಸ ಪಂಪು, ಆದರೂ ಕರಕರ ಸದ್ದು.
– ಮೈಸೂರಿನ ಓದುಗರು

ಉತ್ತರ: ಒಳಗೆ ಗಾಳಿ ಸಿಕ್ಕಿರಬಹುದು. ಪಂಪನ್ನು ನೀರಿನಲ್ಲೇ ಆಚೀಚೆ ವಾಲಿಸಿ ಗುಳ್ಳೆ ಬಿಡಿಸಿ. ಪಂಪನ್ನು ಗಾಜಿಗೆ ಹಿಡಿಸುವ ರಬ್ಬರ್ ಬಟ್ಟಲು ಗಟ್ಟಿಯಾಗಿಬಿಟ್ಟು, ಪಂಪಿನ ಮೈ ಗಾಜಿಗೆ ತಾಗುತ್ತಿದ್ದರೂ ಹೀಗೇ ಆಗುತ್ತದೆ. ಎರಡೂ ಅಲ್ಲವಾದರೆ ಬುಶ್ ಇದೆಯೇ ನೋಡಿ.

ಪ್ರಶ್ನೆ: ತೊಟ್ಟಿಯ ನೀರಿಗೆ ಕೈ ಇಟ್ಟರೆ ಜುಮ್ ಅನ್ನುತ್ತದೆ. ಮೀನುಗಳು ಚೆನ್ನಾಗಿಯೇ ಇವೆ.
– ಮಂಗಳೂರಿನ ಓದುಗರು

ಉತ್ತರ: ಮೀನು ಚೆನ್ನಾಗಿದೆ ಎಂದು ಸುಮ್ಮನಿರಬೇಡಿ. ಮೀನು ನೆಲಕ್ಕೆ ತಾಗಿಲ್ಲ, ನೀವು ನಿಂತಿರುವುದು ನೆಲದ ಮೇಲೆ. ಈಗಲೇ ತೊಟ್ಟಿಯ ಎಲ್ಲ ಪ್ಲಗ್ ಕಿತ್ತುಬಿಡಿ, ಅಲ್ಲಿಯವರೆಗೆ ನೀರಿಗೆ ಕೈ ಹಾಕಬೇಡಿ. ಅಗ್ಗದ ಪಂಪುಗಳಿಗೆ ಬಹುಪಾಲು ಎರಡೇ ಕಡ್ಡಿಯ ಪ್ಲಗ್, ಅರ್ಥಿಂಗ್ ಇಲ್ಲ. ವೈರು ಪಂಪಿನ ಮೈಗೆ ಸೇರುವ ಜಾಗದಲ್ಲಿ ಬಿರುಕು, ಎಪಾಕ್ಸಿಯಲ್ಲಿ ಸೀಳು ಅಥವಾ ಉಬ್ಬು ಕಂಡರೆ ಪಂಪನ್ನು ಎಸೆದುಬಿಡಿ. ಟೇಪ್ ಸುತ್ತಿ, ಅಂಟು ಹಚ್ಚಿ ಮತ್ತೆ ನೀರಿಗಿಳಿಸುವುದು ಪ್ರಾಣದ ಜೊತೆ ಆಟ. ಹೀಟರಿನ ಗಾಜು ಸೀಳಿದ್ದರೂ ಹೀಗೇ ಆಗುತ್ತದೆ, ಅದನ್ನೂ ನೋಡಿ. ಯಾವುದೆಂದು ಕಣ್ಣಿಗೆ ಕಾಣದಿದ್ದರೆ ಎಲೆಕ್ಟ್ರಿಷಿಯನ್‌ರಿಂದ ಒಂದೊಂದನ್ನೂ ಪರೀಕ್ಷೆ ಮಾಡಿಸಿ. ಅವರಿಂದಲೇ ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರುವಂತಿರಲಿ, ಜಾರಿಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಇನ್ವರ್ಟರಿನಲ್ಲಿ ಪಂಪು ಜೋರಾಗಿ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಓಡಿಸಬಹುದೇ?
– ಕೋಲಾರದ ಓದುಗರು

ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಪಂಪಿನ ಕಾಯಿಲ್‌ಗೆ ಆ ಕರೆಂಟು ಒಗ್ಗುವುದಿಲ್ಲ, ದಿನಾ ಗಂಟೆಗಟ್ಟಲೆ ಓಡಿಸಿದರೆ ಆಯುಸ್ಸು ಕಮ್ಮಿ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆಯಿಲ್ಲ. ಇನ್ವರ್ಟರ್ ಬದಲಿಸುವ ಖರ್ಚು ಬೇಡವೆಂದರೆ ಪಂಪನ್ನು ಆ ಲೈನಿನಿಂದ ತೆಗೆದು, ಬ್ಯಾಟರಿಯ ಏರ್ ಪಂಪು ಇಟ್ಟುಕೊಳ್ಳಿ. ಕರೆಂಟು ಹೋದಾಗ ಮೀನಿಗೆ ಮೊದಲು ಬೇಕಾದ್ದು ಉಸಿರು. ಕರೆಂಟು ಹೋದ ಕೂಡಲೇ ತಾನೇ ಶುರುವಾಗುವ ಏರ್ ಪಂಪುಗಳೂ ಸಿಗುತ್ತವೆ. ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವಾದರೆ ನಿಂತಾಗ ತೊಟ್ಟಿಯ ನೀರು ಕೊಳವೆಯಲ್ಲಿ ಇಳಿದು ಬ್ಯಾಟರಿಗೇ ಹೋಗುತ್ತದೆ.