ಹಳೆಯ ಮಸಲ್ ಕಾರು, ಸೀಟಿನಡಿಯ ಹಾಳೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರು ಹಾಸನ, ಈಗ ಮಿಷಿಗನ್ನಿನ ಟ್ರಾಯ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲೊಬ್ಬರು 1970ರ ಡಾಡ್ಜ್ ಚಾಲೆಂಜರ್ ಆರ್/ಟಿ ಮಾರುತ್ತಿದ್ದಾರೆ. 426 ಹೆಮಿ ಎಂಜಿನ್, ನಾಲ್ಕು ಗೇರ್, ನೇರಳೆ ಬಣ್ಣ. ಹಿಂದಿನ ಸೀಟಿನ ಸ್ಪ್ರಿಂಗ್ ನಡುವೆ ಸಿಕ್ಕ ಬಿಲ್ಡ್ ಶೀಟ್ ತೋರಿಸಿ, ಇದೇ ಸಾಕ್ಷಿ ಅನ್ನುತ್ತಾರೆ. ನೋಡಿದರೆ ಬರೀ ಅಕ್ಷರ, ಅಂಕಿ. ಇದನ್ನು ಓದುವುದು ಹೇಗೆ? ನಂಬಬಹುದಾ?

ಉತ್ತರ: ಹಾಳೆಯನ್ನು ಕೊನೆಗೆ ಓದಿ. ಮೊದಲು ಕಾರನ್ನು ಓದಿ. ನನ್ನ ಸಲಹೆ ಇಷ್ಟೇ. ಆದರೆ ಹೇಗೆ ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು.

ಬಿಲ್ಡ್ ಶೀಟ್ ಕೊಳ್ಳುವವರಿಗಾಗಿ ಮಾಡಿದ್ದಲ್ಲ. ಅದು ಫ್ಯಾಕ್ಟರಿಯ ಕೆಲಸಗಾರರಿಗೆ ಬಂದ ಆದೇಶ. ಈ ಕಾರಿಗೆ ಯಾವ ಎಂಜಿನ್, ಯಾವ ಆಕ್ಸಲ್, ಯಾವ ಸೀಟು ಹಾಕಬೇಕು ಅಂತ ಅಸೆಂಬ್ಲಿ ಲೈನಿನಲ್ಲಿ ನಿಂತವರಿಗೆ ತಿಳಿಸುವ ಹಾಳೆ. ಒಂದೇ ಕಾರಿಗೆ ಹಲವು ಪ್ರತಿಗಳು ಬೇರೆ ಬೇರೆ ಕಡೆ ಹೋಗುತ್ತಿದ್ದವು. ಕೆಲಸ ಮುಗಿದ ಮೇಲೆ ಕೆಲವನ್ನು ಎಸೆದರು, ಕೆಲವು ಸೀಟಿನ ಸ್ಪ್ರಿಂಗ್‌ನಲ್ಲೋ ಕಾರ್ಪೆಟ್ ಕೆಳಗೋ ಉಳಿದವು. ಜೋಪಾನ ಮಾಡಬೇಕು ಅಂತ ಯಾರೂ ಇಟ್ಟಿದ್ದಲ್ಲ. ಇವತ್ತು ಅದಕ್ಕೆ ಇಷ್ಟು ಬೆಲೆ ಬಂದಿರುವುದು ಆ ಕಾರಣಕ್ಕೇ.

ಆರ್/ಟಿ ಅಂದರೆ ಚಾಲೆಂಜರ್‌ನ ಜೋರು ಓಟದ ಮಾದರಿ, ಹೆಮಿ ಅಂದರೆ ಅದಕ್ಕೆ ಸಿಗುತ್ತಿದ್ದ ಬಲಶಾಲಿ ವಿ8 ಎಂಜಿನ್. 426, ಮುಂದೆ ಬರುವ 440, 383 ಎಲ್ಲ ಘನ ಇಂಚಿನಲ್ಲಿ ಎಂಜಿನ್ ಗಾತ್ರ. 1970ರಲ್ಲಿ ಹೆಮಿ ಹಾಕಿದ ಚಾಲೆಂಜರ್ ಆರ್/ಟಿಗಳು ಎಲ್ಲ ಬಾಡಿಗಳೂ ಸೇರಿ ಸುಮಾರು 350 ಮಾತ್ರ. ಮಾಮೂಲಿ ಆರ್/ಟಿಗೂ ಹೆಮಿಗೂ ಬೆಲೆಯಲ್ಲಿ ಅಜಗಜಾಂತರ. ಹಾಗಾಗಿ ಮಾಮೂಲಿ ಕಾರಿಗೆ ಹೆಮಿ ಕೂರಿಸಿ ಅಸಲಿ ಅಂತ ಮಾರುವವರು ಇದ್ದೇ ಇದ್ದಾರೆ.

ಕಾರಿನ ಮುಂದೆ ನಿಂತು, ಡ್ರೈವರ್ ಕಡೆಯ ಗಾಜಿನೊಳಗೆ ಡ್ಯಾಶ್ ಮೇಲಿನ ವಿಐಎನ್, ಅಂದರೆ ಕಾರಿನ ಗುರುತಿನ ಸಂಖ್ಯೆ ನೋಡಿ. ನೀವು ಹೇಳಿದ ಕಾರಾದರೆ ಅದು ಜೆಎಸ್23ಆರ್0ಬಿ ಅಂತ ಶುರುವಾಗಿ ಮುಂದೆ ಆರು ಅಂಕಿ ಇರಬೇಕು. ಜೆ ಅಂದರೆ ಚಾಲೆಂಜರ್. ಎಸ್ ಅಂದರೆ ಆರ್/ಟಿಯ ದರ್ಜೆ. 23 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. ಕನ್ವರ್ಟಿಬಲ್ ಆಗಿದ್ದರೆ 27, ಸ್ಪೆಷಲ್ ಎಡಿಷನ್ ಆಗಿದ್ದರೆ 29. ಐದನೆಯ ಜಾಗದ ಆರ್, ಅದೇ 426 ಹೆಮಿ. 0 ಅಂದರೆ 1970ರ ಮಾಡೆಲ್. ಬಿ ಅಂದರೆ ನಿಮ್ಮ ಮನೆಯಿಂದ ದೂರವೇನಲ್ಲದ ಹ್ಯಾಮ್‌ಟ್ರಾಮಿಕ್‌ನಲ್ಲಿದ್ದ ಫ್ಯಾಕ್ಟರಿ.

ಆ ಐದನೆಯ ಅಕ್ಷರ ಯು ಆಗಿದ್ದರೆ 440 ಮ್ಯಾಗ್ನಮ್, ವಿ ಆಗಿದ್ದರೆ 440 ಸಿಕ್ಸ್ ಪ್ಯಾಕ್, ಎನ್ ಆಗಿದ್ದರೆ 383. ಬಾನೆಟ್ ಕೆಳಗೆ ಹೆಮಿ ಕೂತಿದ್ದು ಡ್ಯಾಶ್ ಮೇಲೆ ಎನ್ ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಎಂಜಿನ್ ಆಮೇಲೆ ಹಾಕಿದ್ದು, ಹಾಳೆ ಏನೇ ಹೇಳಲಿ.

ಆಮೇಲೆ ಬಾನೆಟ್ ಎತ್ತಿ. ಎಡಗಡೆಯ ಒಳ ಫೆಂಡರ್ ಮೇಲೆ ಒಂದು ಸಣ್ಣ ತಗಡು ಇರುತ್ತದೆ, ಅದೇ ಫೆಂಡರ್ ಟ್ಯಾಗ್. ಇದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಹೊಸಬರು ಎಡವುವುದು ಇಲ್ಲೇ. ಕೆಳಗಿನ ಸಾಲಿನಲ್ಲಿ ಇ74 ಡಿ21 ಇರಬೇಕು. ಇ74 ಹೆಮಿ, ಡಿ21 ನಾಲ್ಕು ಗೇರ್. ಡಿ32 ಇದ್ದರೆ ಆಟೋಮ್ಯಾಟಿಕ್. ಅದರ ಪಕ್ಕದಲ್ಲೇ ವಿಐಎನ್. ಅದರ ಮೇಲಿನ ಸಾಲಿನಲ್ಲಿ ಬಣ್ಣ: ನೇರಳೆಗೆ ಎಫ್‌ಸಿ7, ಡಾಡ್ಜ್‌ನವರು ಪ್ಲಮ್ ಕ್ರೇಜಿ ಅಂತ ಕರೆದದ್ದು. ನಂತರ ಒಳಗಿನ ಸೀಟಿನ ಕೋಡ್. ಎಚ್6ಎಕ್ಸ್9 ಇದ್ದರೆ ಕಪ್ಪು ವಿನೈಲ್ ಬಕೆಟ್ ಸೀಟು.

ಅದೇ ಸಾಲಿನಲ್ಲಿ ಕಾರು ತಯಾರಾಗಬೇಕಿದ್ದ ದಿನವೂ ಇದೆ. ಜನವರಿಯಿಂದ ಸೆಪ್ಟೆಂಬರ್‌ಗೆ 1ರಿಂದ 9, ಅಕ್ಟೋಬರ್‌ಗೆ ಎ, ನವೆಂಬರ್‌ಗೆ ಬಿ, ಡಿಸೆಂಬರ್‌ಗೆ ಸಿ. ಬಿ15 ಅಂದರೆ ನವೆಂಬರ್ 15. ಕಾರು 1970ರ ಮಾಡೆಲ್ ಆದ್ದರಿಂದ ಆ ನವೆಂಬರ್ 1969ರದ್ದು. ಪಕ್ಕದಲ್ಲಿರುವುದು ಆರ್ಡರ್ ನಂಬರ್. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದರ ಮೇಲಿನ ಸಾಲುಗಳೆಲ್ಲ ಆಪ್ಷನ್‌ಗಳು. ಎನ್96 ಅಂದರೆ ಬಾನೆಟ್‌ನಿಂದ ಮೇಲೆದ್ದು ಎಂಜಿನ್ ಜೊತೆ ಅಲುಗಾಡುವ ಶೇಕರ್ ಹುಡ್. ಎನ್85 ಟ್ಯಾಕೋಮೀಟರ್. ಎಚ್51 ಏರ್ ಕಂಡಿಷನ್. ಈ ಎಚ್51 ನೆನಪಿರಲಿ. ಹೆಮಿ ಕಾರಿಗೆ ಫ್ಯಾಕ್ಟರಿ ಎಸಿ ಕೊಡುತ್ತಲೇ ಇರಲಿಲ್ಲ. ಇ74, ಎಚ್51 ಎರಡೂ ಒಂದೇ ಟ್ಯಾಗಿನಲ್ಲಿ ಕಂಡರೆ ಆ ಟ್ಯಾಗ್ ಅಸಲಿ ಅಲ್ಲ.

ಈಗ ಹಾಳೆಗೆ ಬನ್ನಿ. ಅದರಲ್ಲಿ ವಿಐಎನ್ ಇರುತ್ತದೆ, ಆರ್ಡರ್ ನಂಬರೂ ಇರುತ್ತದೆ. ಎರಡೂ ಟ್ಯಾಗಿನ ಜೊತೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಒಂದು ಅಂಕಿ ತಪ್ಪಿದರೂ ಅದು ಬೇರೆ ಕಾರಿನ ಹಾಳೆ. ಟ್ಯಾಗಿನಲ್ಲಿದ್ದ ಆಪ್ಷನ್ ಕೋಡ್‌ಗಳು ಹಾಳೆಯಲ್ಲೂ ಬರುತ್ತವೆ. ಇವಿಷ್ಟೇ ಆಗಿದ್ದರೆ ನಕಲಿ ಮಾಡುವುದು ಸುಲಭವಿತ್ತು. ಹಾಳೆಯ ನಿಜವಾದ ಬೆಲೆ ಇರುವುದು ಉಳಿದ ಚೌಕಗಳಲ್ಲಿ. ಆಕ್ಸಲ್, ರೇಡಿಯೇಟರ್, ಟಾರ್ಷನ್ ಬಾರ್, ಹಿಂದಿನ ಸ್ಪ್ರಿಂಗ್ ಇಂಥ ಬಿಡಿಭಾಗಗಳ ಕೋಡ್‌ಗಳು ಅಲ್ಲಿವೆ. ನಕಲಿ ಮಾಡುವವರು ಇ74, ಡಿ21 ಸರಿಯಾಗಿ ಹಾಕುತ್ತಾರೆ. ಸ್ಪ್ರಿಂಗ್ ಕೋಡ್ ಮಾತ್ರ 383 ಕಾರಿನದ್ದೇ ಉಳಿದಿರುತ್ತದೆ.

ಆಮೇಲೆ ಕಾರನ್ನು ಲಿಫ್ಟ್ ಮೇಲೆ ಏರಿಸಿ. ನಾಲ್ಕು ಗೇರಿನ ಹೆಮಿಗೆ ಹಿಂದೆ ಡಾನಾ 60 ಅನ್ನುವ ಗಟ್ಟಿಮುಟ್ಟಾದ ಆಕ್ಸಲ್ ಇರಬೇಕು. ಹಿಂದಿನ ಲೀಫ್ ಸ್ಪ್ರಿಂಗ್ ಪಟ್ಟಿಗಳನ್ನು ಎಣಿಸಿ. ಎಡಕ್ಕೆ ಆರು. ಬಲಕ್ಕೆ ಐದು ಪೂರ್ತಿ, ಎರಡು ಅರ್ಧ. ಜೋರಾಗಿ ಹೊರಟಾಗ ಆಕ್ಸಲ್ ತಿರುಚಿಕೊಳ್ಳದಿರಲಿ ಅಂತ ಎರಡೂ ಕಡೆ ಬೇರೆ ಬೇರೆ ಹಾಕಿದ್ದರು. ವಿಐಎನ್‌ನ ಕೊನೆಯ ಎಂಟು ಅಕ್ಷರಗಳು ಎಂಜಿನ್ ಮೇಲೆ, ಗೇರ್‌ಬಾಕ್ಸ್ ಮೇಲೆ, ಜೊತೆಗೆ ಬಾಡಿಯಲ್ಲಿ ರೇಡಿಯೇಟರ್ ಸಪೋರ್ಟ್ ಮತ್ತು ಕೌಲ್ (ಮುಂದಿನ ಗಾಜಿನ ಬುಡದ ಭಾಗ) ಮೇಲೆ ಗುದ್ದಿರುತ್ತವೆ. ಎಂಜಿನ್ ಬದಲಾಗಿದ್ದರೆ ಬೆಲೆ ಇಳಿಯುತ್ತದೆ, ಆದರೂ ಕಾರು ಹೆಮಿ ಕಾರೇ. ಬಾಡಿಯ ಅಂಕಿ ಡ್ಯಾಶಿಗೆ ಕೂಡದಿದ್ದರೆ ಮಾತ್ರ ಮುಂಗಡ ಕೊಡದೆ ಎದ್ದು ಬನ್ನಿ. ಅಮೆರಿಕದಲ್ಲಿ ವಿಐಎನ್ ತಿದ್ದುವುದು ಫೆಡರಲ್ ಅಪರಾಧ. ಅಂಥ ಕಾರು ನಿಮ್ಮ ಕೈಯಿಂದ ಜಪ್ತಿಯೂ ಆಗಬಹುದು.

ಪ್ರಶ್ನೆ: ನಮ್ಮಣ್ಣ ಟೆಕ್ಸಾಸ್‌ನಲ್ಲಿ 1970ರ ಷೆವಲೆ ಎಸ್‌ಎಸ್ 454 ಕೊಂಡಿದ್ದಾರೆ. ಪೆಟ್ರೋಲ್ ಟ್ಯಾಂಕ್ ಇಳಿಸಿದಾಗ ಮೇಲೆ ಬಿಲ್ಡ್ ಶೀಟ್ ಸಿಕ್ಕಿತು. ಆದರೆ ವಿಐಎನ್ ಬೇರೆ. ಮೋಸ ಹೋದರಾ? (ಬೆಂಗಳೂರಿನ ಓದುಗರು)

ಉತ್ತರ: ಬರೀ ಇದರಿಂದ ಹಾಗೆ ಹೇಳಲಾಗದು. ಲೈನಿನಲ್ಲಿ ಹಿಂದೆ ಮುಂದೆ ಇದ್ದ ಕಾರುಗಳ ಹಾಳೆ ಅದಲುಬದಲಾಗುವುದು ಮಾಮೂಲು. ಆ ಹಾಳೆಯ ವಿಐಎನ್ ನಿಮ್ಮಣ್ಣನ ಕಾರಿಗೆ ಹತ್ತಿರವಿದ್ದರೆ ಫ್ಯಾಕ್ಟರಿಯಲ್ಲೇ ಹೀಗಾಗಿರಬೇಕು. ದಯವಿಟ್ಟು ಎಸೆಯಬೇಡಿ. ಇನ್ನಾರೋ ಆ ಹಾಳೆಗಾಗಿ ಹುಡುಕುತ್ತಿರಬಹುದು. ಹಿಂದಿನ ಸೀಟಿನ ಬೆನ್ನು, ಮುಂದಿನ ಸೀಟುಗಳ ಸ್ಪ್ರಿಂಗ್ ಇನ್ನೂ ನೋಡಿಲ್ಲವಾದರೆ ನೋಡಿ. ಸ್ವಂತ ಹಾಳೆ ಅಲ್ಲಿರಬಹುದು.

ಷೆವಲೆ ತಯಾರಿಸಿದ ಷೆವ್ರೊಲೆಯ ಕಷ್ಟ ಬೇರೆ. 1972ಕ್ಕೆ ಮುಂಚಿನ ವಿಐಎನ್‌ನಲ್ಲಿ ಎಂಜಿನ್ ಯಾವುದು ಅಂತ ಇಲ್ಲ. ವಿ8ಓ ಆರು ಸಿಲಿಂಡರೋ, ಅಷ್ಟೇ ಗೊತ್ತಾಗುತ್ತದೆ. 13637 ಅಂತ ಶುರುವಾಗುವ ಕಾರು ಸಾಧಾರಣ ಮಾಲಿಬೂ ಆಗಿರಬಹುದು, 450 ಅಶ್ವಶಕ್ತಿಯ ಎಲ್‌ಎಸ್6 ಅನ್ನುವ 454 ಎಂಜಿನ್ನಿನ ಕಾರು ಕೂಡ ಆಗಿರಬಹುದು. ಈ ಕಾರುಗಳಲ್ಲಿ ಕಾಗದಕ್ಕೆ ಪ್ರಾಣ ಬಿಡುವುದು ಇದಕ್ಕೇ.

ಹಾಳೆ ಸಿಗದಿದ್ದರೆ ಪ್ರೊಟೆಕ್ಟ್-ಒ-ಪ್ಲೇಟ್ ಕೇಳಿ. ವಾರಂಟಿ ಪುಸ್ತಕದಲ್ಲಿದ್ದ ಲೋಹದ ತುಂಡು ಅದು. ವಿಐಎನ್ ಜೊತೆ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೋಡ್ ಅದರಲ್ಲಿವೆ. ಕಾರು ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಅದೃಷ್ಟ. ಷೆವ್ರೊಲೆಯ ಮೂಲ ಕಂಪನಿ ಜನರಲ್ ಮೋಟರ್ಸ್‌ನ (ಜಿಎಂ) ಕೆನಡಾದವರು ದಾಖಲೆ ಇಟ್ಟಿದ್ದಾರೆ, ದುಡ್ಡು ಕಟ್ಟಿದರೆ ಕೊಡುತ್ತಾರೆ. ಅಮೆರಿಕದಲ್ಲಿ ಮಾರಾಟವಾದ ಷೆವಲೆಗಳಿಗೆ ಆ ಸೌಲಭ್ಯ ಇಲ್ಲ.

ಎಂಜಿನ್ ಬ್ಲಾಕಿನ ಮುಂದೆ, ಬಲಗಡೆ, ಹೆಡ್ಡಿನ ಪಕ್ಕ ಒಂದು ಚಪ್ಪಟೆ ಜಾಗವಿದೆ. ಟಿ0115ಸಿಆರ್‌ವಿ ಥರ ಇದ್ದರೆ ಟಾನವಾಂಡಾ ಪ್ಲಾಂಟ್, ಜನವರಿ 15, ನಾಲ್ಕು ಗೇರಿನ ಎಲ್‌ಎಸ್6. ಆಟೋಮ್ಯಾಟಿಕ್‌ಗೆ ಸಿಆರ್‌ಆರ್. ಪಕ್ಕದಲ್ಲೇ ವಿಐಎನ್‌ನ ಭಾಗ ಇರಬೇಕು. ದಿನಾಂಕಗಳ ಸರದಿಯನ್ನೂ ನೋಡಿ: ಮೊದಲು ಬ್ಲಾಕ್ ಎರಕ ಹೊಯ್ದ ದಿನ, ಆಮೇಲೆ ಎಂಜಿನ್ ಜೋಡಿಸಿದ ದಿನ, ಕೊನೆಗೆ ಕಾರು. ಆ ಜಾಗವನ್ನು ಉಜ್ಜಿ ಹೊಸದಾಗಿ ಗುದ್ದುವವರಿದ್ದಾರೆ. ಫ್ಯಾಕ್ಟರಿ ಯಂತ್ರ ಬಿಟ್ಟ ಸಣ್ಣ ನೇರ ಗೆರೆಗಳು ಅಲ್ಲಿ ಉಳಿದಿವೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ.

ಪ್ರಶ್ನೆ: ಫೋರ್ಡ್ ಮಸ್ಟ್ಯಾಂಗ್, ಪಾಂಟಿಯಾಕ್ ಜಿಟಿಒ ಕಾರುಗಳಿಗೂ ಸೀಟು ಬಿಚ್ಚಿ ಹುಡುಕಬೇಕಾ?

ಉತ್ತರ: ಹುಡುಕಿ, ಸಿಕ್ಕರೆ ಒಳ್ಳೆಯದೇ. ಆದರೆ ಇಲ್ಲಿ ಕೆಲಸ ಸುಲಭ. 1967ರಿಂದೀಚಿನ ಫೋರ್ಡ್‌ಗಳಿಗೆ ಕಂಪನಿಯ ಮೂಲ ದಾಖಲೆಯಿಂದ ತೆಗೆದ ಮಾರ್ಟಿ ರಿಪೋರ್ಟ್ ಸಿಗುತ್ತದೆ. ಪಾಂಟಿಯಾಕ್‌ಗೆ 1961ರಿಂದ 1986ರವರೆಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಇದೆ. ಇವೆರಡನ್ನೂ ಮಾರುವವರಿಂದ ತೆಗೆದುಕೊಳ್ಳಬೇಡಿ. ನೀವೇ ವಿಐಎನ್ ಕಳಿಸಿ ತರಿಸಿಕೊಳ್ಳಿ. 1969ರ ಜಿಟಿಒ ವಿಐಎನ್ 242 ಅಂತ ಶುರುವಾದರೆ ಅಸಲಿ ಜಿಟಿಒ ಹೌದು, ಆದರೆ ಜಡ್ಜ್ ಅನ್ನುವ ಅದರ ವಿಶೇಷ ಮಾದರಿ ಹೌದೋ ಅಲ್ಲವೋ ಅದರಲ್ಲಿ ಇಲ್ಲ. ಮಸ್ಟ್ಯಾಂಗ್‌ನಲ್ಲೂ ಹಾಗೇ. 1969ರ ವಿಐಎನ್‌ನಲ್ಲಿ ಆರ್ ಇದ್ದರೆ ರ್‍ಯಾಮ್ ಏರ್ (ಬಾನೆಟ್ ಮೂಲಕ ಹೊರಗಿನ ಗಾಳಿ ಎಳೆಯುವ ವ್ಯವಸ್ಥೆ) ಇರುವ 428 ಕೋಬ್ರಾ ಜೆಟ್ ಎಂಜಿನ್. ಮ್ಯಾಕ್ 1 ಅನ್ನುವ ಮಾದರಿ ಹೌದಾ ಅಂತ ತಿಳಿಯಲು ಬಾಗಿಲಿನ ಪ್ಲೇಟಿನಲ್ಲಿ 63ಸಿ ಹುಡುಕಬೇಕು.

ಪ್ರಶ್ನೆ: ನನಗೆ ಸಿಕ್ಕ ಹಾಳೆ ಮುಟ್ಟಿದರೆ ಪುಡಿಯಾಗುತ್ತಿದೆ. ಲ್ಯಾಮಿನೇಟ್ ಮಾಡಿಸಲಾ?

ಉತ್ತರ: ಬೇಡ. ಲ್ಯಾಮಿನೇಟ್ ಮಾಡಿದರೆ ಮತ್ತೆ ಬಿಡಿಸಲಾಗದು, ಬಿಸಿಗೆ ಕಾಗದವೂ ಹಾಳಾಗುತ್ತದೆ. ಮುಂದೆ ಯಾರಾದರೂ ಕಾಗದ, ಮಸಿ ಪರೀಕ್ಷಿಸಬೇಕೆಂದರೂ ಆಗುವುದಿಲ್ಲ.

ಇನ್ನೂ ಸ್ಪ್ರಿಂಗ್‌ನಲ್ಲೇ ಇದ್ದರೆ ಎಳೆಯಬೇಡಿ. ಇದ್ದ ಜಾಗದಲ್ಲೇ ಫೋಟೊ, ವಿಡಿಯೊ ತೆಗೆಯಿರಿ. ಡ್ಯಾಶಿನ ವಿಐಎನ್ ಕೂಡ ಅದೇ ವಿಡಿಯೊದಲ್ಲಿ ಬರಲಿ. ನಂತರ ಸೀಟಿನ ಬಟ್ಟೆ ಹಿಡಿದಿರುವ ತಂತಿ ರಿಂಗುಗಳನ್ನು ಕತ್ತರಿಸಿ, ಕೆಳಗೊಂದು ಗಟ್ಟಿ ರಟ್ಟು ಜಾರಿಸಿ, ಹಾಳೆಯನ್ನು ಅದರ ಮೇಲೇ ಹೊರಗೆ ತನ್ನಿ. ಮಡಿಕೆಗಳನ್ನು ಒಣಗಿದ ಸ್ಥಿತಿಯಲ್ಲಿ ಬಲವಂತವಾಗಿ ಬಿಡಿಸಬೇಡಿ. ಸೆಲೋಟೇಪ್ ಅಂಟಿಸಬೇಡಿ. ಸ್ಪ್ರಿಂಗ್ ಒತ್ತಿದ ತುಕ್ಕಿನ ಗೆರೆಗಳನ್ನು ತೊಳೆಯಲು ಹೋಗಬೇಡಿ, ಆ ಗೆರೆಗಳೇ ಹಾಳೆ ಆ ಸೀಟಿನಲ್ಲಿತ್ತು ಅನ್ನುವುದಕ್ಕೆ ಸಾಕ್ಷಿ. ಆಸಿಡ್ ಇಲ್ಲದ ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಕಾರ್ ಷೋಗೆ ಪ್ರತಿ ಒಯ್ದರೆ ಸಾಕು. ಆ ಪ್ರತಿಯಲ್ಲೂ ಆರ್ಡರ್ ನಂಬರಿನ ಕೊನೆಯ ಅಂಕಿಗಳನ್ನು ಮುಚ್ಚಿ. ಅಪರಿಚಿತರ ಮೊಬೈಲಿನಲ್ಲಿ ನಿಮ್ಮ ಹಾಳೆಯ ಪೂರ್ತಿ ಫೋಟೊ ಇದ್ದರೆ, ಇನ್ನೊಂದು ನಕಲಿ ಹಾಳೆ ತಯಾರಿಸಲು ಬೇಕಾದದ್ದೆಲ್ಲ ಅದರಲ್ಲಿರುತ್ತದೆ.