ಎರಿಟ್ರಿಯಾಕ್ಕೆ ಪಾಠ ಹೇಳಲು ಹೊರಟ ತಂಗಿಗೆ

ಪೂರ್ವ ಆಫ್ರಿಕಾದ ಎರಿಟ್ರಿಯಾ ದೇಶದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ, ಎರಡು ವರ್ಷದ ಒಪ್ಪಂದ, ಹೋಗಲಾ ಬೇಡವಾ ಅಂತ ಕೇಳಿದ್ದೀಯ. ಒಬ್ಬಳೇ ಇರುವುದಕ್ಕೆ ಭಯ ಇದೆಯಾ, ಕ್ಲಾಸಿನಲ್ಲಿ ಏನು ಮಾತಾಡಬಹುದು, ದುಡ್ಡು ಉಳಿಯುತ್ತಾ, ಅಂಥ ಸರ್ಕಾರದ ಕೆಳಗೆ ಕೆಲಸ ಮಾಡುವುದು ಸರಿಯಾ ಅಂತಲೂ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನಾನೂ ನೀನು ಅಂತಲೇ ಬರೆಯುತ್ತೇನೆ.

ಅಲ್ಲೇ ಪಾಠ ಹೇಳುವ ನಾನೀಗ ರಜೆಗೆ ಎರಿಟ್ರಿಯಾದ ಹೊರಗೆ ಬಂದಿದ್ದೇನೆ. ಅಲ್ಲಿ ಕೂತು ಇಷ್ಟೆಲ್ಲ ಬರೆಯುತ್ತಿರಲಿಲ್ಲ. ನೀನೂ ಓದಿ ಅಳಿಸಿಬಿಡು. ಫೋನಿನಲ್ಲಿ ಇಟ್ಟುಕೊಂಡು ವಿಮಾನ ಹತ್ತಬೇಡ.

ಮೊದಲು ಊರಿನ ವಿಷಯ. ರಾಜಧಾನಿ ಅಸ್ಮಾರಾದಲ್ಲಿ ಕಳ್ಳಕಾಕರ ಭಯ ಕಡಿಮೆ. ಕತ್ತಲಾದ ಮೇಲೆ ಎಷ್ಟೋ ಸಲ ಒಬ್ಬಳೇ ನಡೆದುಕೊಂಡು ಮನೆಗೆ ಬಂದಿದ್ದೇನೆ, ಯಾರೂ ತೊಂದರೆ ಕೊಟ್ಟಿಲ್ಲ. ಊರು 2,325 ಮೀಟರ್ ಎತ್ತರದಲ್ಲಿದೆ, ಹೊಸದರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇಟಲಿಯವರ ಕಾಲದ ಕಟ್ಟಡಗಳು ಹಾಗೇ ಉಳಿದಿವೆ. 2017ರಲ್ಲಿ ಯುನೆಸ್ಕೊ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂಜೆಯಾದರೆ ಹಾರ್ನೆಟ್ ಅವೆನ್ಯೂನಲ್ಲಿ ತಾಳೆ ಮರಗಳ ಕೆಳಗೆ ಜನ ಸುಮ್ನೆ ಅಡ್ಡಾಡುತ್ತಾರೆ, ಪುಟ್ಟ ಲೋಟದಲ್ಲಿ ಮಕಿಯಾಟೊ ಹಿಡಿದು ಗಂಟೆಗಟ್ಟಲೆ ಕೂರುತ್ತಾರೆ. ಇದನ್ನು ನೋಡಿದ ಹೊಸಬರು ‘ಸುದ್ದಿಯಲ್ಲಿ ಬರೋದೆಲ್ಲ ಸುಳ್ಳು, ಇಲ್ಲಿ ಎಷ್ಟು ನೆಮ್ಮದಿ ಇದೆ’ ಅಂದುಬಿಡುತ್ತಾರೆ. ನೀನು ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡ. ಆ ನೆಮ್ಮದಿಯೂ ನಿಜ, ಪಕ್ಕದ ಮೇಜಿನವರು ಸರ್ಕಾರದ ಮಾತು ಬಂದ ಕೂಡಲೇ ದನಿ ತಗ್ಗಿಸುವುದೂ ನಿಜ.

1991ರಲ್ಲಿ ಇಥಿಯೋಪಿಯಾ ವಿರುದ್ಧದ ಮೂವತ್ತು ವರ್ಷದ ಯುದ್ಧ ಗೆದ್ದು ಬಿಡುಗಡೆಯಾದ ದೇಶ ಅದು. 1993ರಿಂದ ಇಸಾಯಸ್ ಅಫ್‌ವೆರ್ಕಿ ಒಬ್ಬರೇ ಅಧ್ಯಕ್ಷರು. ದೇಶದ ಮಟ್ಟದಲ್ಲಿ ಚುನಾವಣೆ ಒಂದೂ ನಡೆದಿಲ್ಲ. 1997ರಲ್ಲಿ ಒಪ್ಪಿದ ಸಂವಿಧಾನ ಜಾರಿಗೆ ಬಂದಿಲ್ಲ. 2001ರ ಸೆಪ್ಟೆಂಬರಿನಲ್ಲಿ ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿದರು, ಪತ್ರಕರ್ತರನ್ನು ಹಿಡಿದು ಒಳಗೆ ಹಾಕಿದರು. ಪತ್ರಕರ್ತ ದಾವಿತ್ ಇಸಾಕ್ ಅವರ ಹೆಸರು ನೀನು ಕೇಳಿರಬಹುದು. ಅವತ್ತು ಒಳಗೆ ಹೋದವರು, ಇವತ್ತಿಗೂ ವಿಚಾರಣೆ ಆಗಿಲ್ಲ. ಇದನ್ನೆಲ್ಲ ಬರುವ ಮುಂಚೆಯೇ ಓದಿಕೊಂಡು ಬಾ. ಅಲ್ಲಿಗೆ ಬಂದ ಮೇಲೆ ಯಾರನ್ನೂ ಕೇಳಬೇಡ.

ಏಕೆ ಅಂತ ಹೇಳುತ್ತೇನೆ. ಅಪಾಯ ನಿನಗಿಂತ ನಿನ್ನ ಜೊತೆ ಮಾತಾಡಿದವರಿಗೆ ಜಾಸ್ತಿ. ನೀನು ವಿದೇಶಿ. ತೀರಾ ಎಡವಟ್ಟಾದರೆ ಸಾಮಾನ್ಯವಾಗಿ ಕೆಲಸದಿಂದ ತೆಗೆದು ವಾಪಸ್ ಕಳಿಸುತ್ತಾರೆ. ಆದರೆ ನಿನ್ನ ಪ್ರಶ್ನೆಗೆ ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಕೊಟ್ಟ ಹುಡುಗನಿಗೆ ಹೋಗಲು ಬೇರೆ ಊರಿಲ್ಲ. ಅವನ ಪಕ್ಕ ಕೂತವರಲ್ಲಿ ಯಾರು ಯಾರಿಗೆ ವರದಿ ಕೊಡುತ್ತಾರೋ ಅವನಿಗೇ ಗೊತ್ತಿರುವುದಿಲ್ಲ. ಹಳೆಯ ಸಿಬ್ಬಂದಿಗೆ 2001ರ ಬೇಸಿಗೆ ನೆನಪಿದೆ. ಅಸ್ಮಾರಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಅಧ್ಯಕ್ಷನನ್ನು ಹಿಡಿದದ್ದಕ್ಕೆ ಹುಡುಗರು ಪ್ರತಿಭಟಿಸಿದರು. ಅವರನ್ನು ಕೆಂಪು ಸಮುದ್ರದ ಕಡೆಯ ಕಡುಬಿಸಿಲಿನ ವಿಯಾ ಶಿಬಿರಕ್ಕೆ ಸಾಗಿಸಿದರು, ಇಬ್ಬರು ಸತ್ತುಹೋದರು. ಕೆಲವು ವರ್ಷಗಳಲ್ಲಿ ವಿಶ್ವವಿದ್ಯಾಲಯವೇ ಇಲ್ಲವಾಯಿತು. ಅದನ್ನು ಒಡೆದು ಮಾಯ್ ನೆಫ್ಹಿ, ಹಮೆಲ್‌ಮಾಲೊ, ಹಲ್‌ಹಾಲೆ, ಅದಿ ಕೆಯೆಹ್ ಹೀಗೆ ದೂರದೂರದ ಕಾಲೇಜುಗಳಲ್ಲಿ ಹಂಚಿದರು. ಭಾರತೀಯ ಅಧ್ಯಾಪಕರು ಬಹಳ ವರ್ಷಗಳಿಂದ ಇರುವುದು ಇಂಥ ಕಾಲೇಜುಗಳಲ್ಲೇ.

ಈಗ ಕ್ಲಾಸಿನ ಮಾತು. ನಿನಗೆ ಬೇಕಾಗಿರುವುದು ಇದೇ, ಅಲ್ವಾ.

ಇಂಗ್ಲಿಷ್ ಕಲಿಸುವವರೆಲ್ಲ ಮಾಡುವ ಒಂದು ಪಾಠ ಇದೆ. ಭವಿಷ್ಯತ್ ಕಾಲ ಕಲಿಸಬೇಕು, ಅದಕ್ಕೆ ‘ಹತ್ತು ವರ್ಷ ಆದ ಮೇಲೆ ನೀನು ಎಲ್ಲಿರುತ್ತೀಯ, ಏನು ಮಾಡುತ್ತಿರುತ್ತೀಯ’ ಅಂತ ಬರೆಸುವುದು. ಬೇರೆ ಯಾವ ದೇಶದಲ್ಲಾದರೂ ಕ್ಲಾಸು ಗಲಗಲ ಅನ್ನುತ್ತದೆ. ಅಲ್ಲಿ ಎಲ್ಲರೂ ತಲೆ ತಗ್ಗಿಸುತ್ತಾರೆ. ಒಬ್ಬಳು ‘ನಾನು ನನ್ನ ದೇಶದ ಸೇವೆ ಮಾಡುತ್ತೇನೆ’ ಅಂತ ಒಂದು ವಾಕ್ಯ ಬರೆದು ಪೆನ್ನು ಮುಚ್ಚುತ್ತಾಳೆ. ಹಿಂದಿನ ಬೆಂಚಿನವರು ಅದನ್ನೇ ನೋಡಿ ಬರೆಯುತ್ತಾರೆ. ಇದು ಸೋಮಾರಿತನ ಅಂದುಕೊಂಡು ಗದರಿಸಬೇಡ. ಹತ್ತು ವರ್ಷದ ಮೇಲೆ ಎಲ್ಲಿರಬೇಕು ಅನ್ನುವುದು ಅವರ ಕೈಯಲ್ಲಿಲ್ಲ.

2003ರಿಂದ ಅಲ್ಲಿನ ಮಕ್ಕಳು ಹನ್ನೆರಡನೇ ತರಗತಿಯನ್ನು ಮನೆಯಿಂದ ದೂರ, ಸುಡಾನ್ ಗಡಿಯ ಕಡೆ ಇರುವ ಸಾವಾ ಮಿಲಿಟರಿ ಶಿಬಿರದಲ್ಲಿ ಓದಬೇಕು. ಅಲ್ಲೇ ಕವಾಯತು, ಅಲ್ಲೇ ಪಾಠ, ಅಲ್ಲೇ ಕೊನೆಯ ಪರೀಕ್ಷೆ. ಒಳ್ಳೆಯ ಅಂಕ ಬಂದವರು ಕಾಲೇಜಿಗೆ ಬರುತ್ತಾರೆ, ನಿನ್ನ ಮುಂದೆ ಕೂರುವವರು ಅವರೇ. ಉಳಿದವರಲ್ಲಿ ತುಂಬಾ ಜನ ಸೈನ್ಯಕ್ಕೆ ಹೋಗುತ್ತಾರೆ. 1995ರ ಕಾನೂನಿನ ಪ್ರಕಾರ ರಾಷ್ಟ್ರೀಯ ಸೇವೆ 18 ತಿಂಗಳು. ಇಥಿಯೋಪಿಯಾ ಜೊತೆಗಿನ ಗಡಿ ಯುದ್ಧ 2000ದಲ್ಲಿ ಮುಗಿಯಿತು, ಸೇವೆ ಮಾತ್ರ ಮುಗಿಯಲಿಲ್ಲ. 2002ರಿಂದ ಅದಕ್ಕೆ ಕೊನೆಯ ದಿನಾಂಕವೇ ಇಲ್ಲ. 2018ರ ಜುಲೈಯಲ್ಲಿ ಶಾಂತಿ ಒಪ್ಪಂದ ಆದಾಗ ಈಗಲಾದರೂ ಬಿಡುತ್ತಾರೆ ಅಂತ ಮನೆಮನೆಯಲ್ಲೂ ಕಾದರು. ಬಿಡಲಿಲ್ಲ. ಡಿಗ್ರಿ ಮುಗಿದ ಮೇಲೆ ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ ಹೋಗಬೇಕು. ಶಾಲೆಗೆ ಹಾಕಿದರೆ ಮೇಷ್ಟ್ರು, ಕಚೇರಿಗೆ ಹಾಕಿದರೆ ಗುಮಾಸ್ತ. ಕೈಗೆ ಬರುವುದು ಪುಡಿಗಾಸು. ನಿನ್ನ ಪಕ್ಕದ ಮೇಜಿನಲ್ಲಿ ಕೂತು ನಿನ್ನಷ್ಟೇ ಪಾಠ ಮಾಡುವ ಅಲ್ಲಿನ ಯುವ ಅಧ್ಯಾಪಕರ ಗತಿಯೂ ಇದೇ ಆಗಿರಬಹುದು. ಅವರ ಮುಂದೆ ನಿನ್ನ ಸಂಬಳದ ಮಾತು ಎತ್ತಲೇಬೇಡ.

ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ಗೈರು ಅಂತ ಗುರುತು ಹಾಕಿ ಮುಂದೆ ಹೋಗು. ‘ಎಲ್ಲಿ ಅವನು, ಯಾರಿಗಾದರೂ ಗೊತ್ತಾ’ ಅಂತ ಕೇಳಬೇಡ. ಜ್ವರ ಬಂದಿರಬಹುದು. ರಸ್ತೆಯಲ್ಲಿ ಕಾಗದಪತ್ರ ನೋಡಿ ಯುವಕರನ್ನು ಹಿಡಿದು ಲಾರಿ ಹತ್ತಿಸುವ ಗಿಫಾದಲ್ಲಿ ಸಿಕ್ಕಿಬಿದ್ದಿರಬಹುದು. ರಾತ್ರೋರಾತ್ರಿ ಗಡಿ ದಾಟಲು ಹೊರಟಿರಬಹುದು. ಗೊತ್ತಿದೆ ಅಂತ ಒಬ್ಬ ಬಾಯಿಬಿಟ್ಟರೆ ನಾಳೆ ಅವನನ್ನು ಕರೆಸುತ್ತಾರೆ. ಅಣ್ಣ ಏನು ಮಾಡುತ್ತಾನೆ, ಅಪ್ಪ ಎಲ್ಲಿದ್ದಾರೆ ಅನ್ನುವ ಪ್ರಶ್ನೆಗಳೂ ಹಾಗೇ. ಪಠ್ಯಪುಸ್ತಕದಲ್ಲಿ ‘ನಿನ್ನ ಕುಟುಂಬದ ಬಗ್ಗೆ ಬರೆ’ ಅಂತ ಇದ್ದರೆ ನಾನು ‘ನಿನಗೆ ಇಷ್ಟವಾದ ಒಬ್ಬರ ಬಗ್ಗೆ ಬರೆ’ ಅಂತ ಬದಲಾಯಿಸುತ್ತೇನೆ. ಅಜ್ಜಿಯ ಬಗ್ಗೆ ಬರೆಯುತ್ತಾರೆ, ಗೆಳೆಯನ ಬಗ್ಗೆ ಬರೆಯುತ್ತಾರೆ. ಯಾರನ್ನು ಬಿಡಬೇಕು ಅನ್ನುವುದು ಅವರಿಗೇ ಬಿಟ್ಟದ್ದು.

ಹಾಗಾದರೆ ಮಾತಾಡಲು ಏನು ಉಳಿಯಿತು ಅಂತೀಯಾ? ಬೇಕಾದಷ್ಟು ಇದೆ. ಸೈಕಲ್ ಅಂತ ಒಂದು ಮಾತು ಎತ್ತಿ ನೋಡು. ಎರಿಟ್ರಿಯಾದವರಿಗೆ ಸೈಕಲ್ ರೇಸ್ ಅಂದರೆ ಪ್ರಾಣ. ಬಿನಿಯಮ್ ಗಿರ್ಮಾಯ್ 2024ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ಹಂತ ಗೆದ್ದು, ಅಂಕಪಟ್ಟಿಯಲ್ಲಿ ಮೊದಲು ಬಂದವನಿಗೆ ಕೊಡುವ ಹಸಿರು ಜರ್ಸಿ ತಂದವನು. ಆಫ್ರಿಕಾದ ಯಾರೂ ಅದಕ್ಕೆ ಮುಂಚೆ ಆ ಜರ್ಸಿ ಗೆದ್ದಿರಲಿಲ್ಲ. ಅವನು ಗೆಲುವಿನ ಗೆರೆ ದಾಟಿದ್ದನ್ನು ಇಂಗ್ಲಿಷಿನಲ್ಲಿ ಹೇಳು ಅಂದರೆ, ಇಡೀ ವರ್ಷ ಬಾಯಿ ಬಿಡದ ಹುಡುಗನೂ ಎದ್ದು ನಿಂತು ವಾಕ್ಯದ ಮೇಲೆ ವಾಕ್ಯ ಕಟ್ಟುತ್ತಾನೆ. ಭೂತಕಾಲದ ಕ್ರಿಯಾಪದಗಳೆಲ್ಲ ಅಲ್ಲೇ ಬಂದುಬಿಡುತ್ತವೆ. ಅಸ್ಮಾರಾದಿಂದ ಕಡಲತೀರದ ಮಸ್ಸಾವಾಕ್ಕೆ ಇಳಿಯುವ ಘಾಟಿ ರಸ್ತೆ, ದೋಸೆಯಂಥ ಇಂಜೆರಾ ಮಾಡುವ ಕ್ರಮ, ಹಿಂದಿ ಸಿನಿಮಾ ಎಲ್ಲವೂ ನಡೆಯುತ್ತವೆ. ಓದಿಸಲು ಸರ್ಕಾರದ ಇಂಗ್ಲಿಷ್ ಪತ್ರಿಕೆ ‘ಎರಿಟ್ರಿಯಾ ಪ್ರೊಫೈಲ್’ ಸಿಗುತ್ತದೆ. ಅದರಲ್ಲಿ ಊಟ, ಹಬ್ಬ, ಆಟದ ಬಗ್ಗೆ ಬಂದ ಬರಹಗಳನ್ನು ಆರಿಸಿಕೋ.

ಮಕ್ಕಳ ಇಂಗ್ಲಿಷ್ ಹೇಗಿರುತ್ತದೆ ಅನ್ನುವುದೂ ಗೊತ್ತಿರಲಿ. ಐದನೇ ತರಗತಿಯವರೆಗೆ ತಾಯ್ನುಡಿಯಲ್ಲಿ ಓದುತ್ತಾರೆ, ಆರರಿಂದ ಎಲ್ಲ ವಿಷಯವೂ ಇಂಗ್ಲಿಷಿನಲ್ಲಿ. ವಿಜ್ಞಾನದ ಪದಗಳು ಬಾಯಿಪಾಠ ಇರುತ್ತವೆ, ಆದರೆ ಒಂದು ಪುಟ ಸ್ವಂತವಾಗಿ ಬರೆ ಅಂದರೆ ತಡವರಿಸುತ್ತಾರೆ. ಅಲ್ಲಿ ಹೆಚ್ಚು ಜನ ಆಡುವ ತಿಗ್ರಿನ್ಯಾ ಭಾಷೆಯಲ್ಲೂ ಕನ್ನಡದಲ್ಲಿ ಇರುವಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅವರು ಎಲ್ಲಿ ಎಡವುತ್ತಾರೆ ಅನ್ನುವುದು ಬೇರೆ ದೇಶದ ಮೇಷ್ಟರಿಗಿಂತ ನಿನಗೆ ಬೇಗ ಹೊಳೆಯುತ್ತದೆ. ನೀನೂ ತಿಗ್ರಿನ್ಯಾ ಕಲಿ. ಅದರ ಗೀಜ್ ಲಿಪಿಯಲ್ಲಿ ನಮ್ಮ ಕಾಗುಣಿತದ ಹಾಗೇ ಒಂದೊಂದು ವ್ಯಂಜನಕ್ಕೂ ಸ್ವರ ಸೇರಿದ ಏಳು ರೂಪಗಳಿವೆ. ಮನಸ್ಸಿಟ್ಟರೆ ಬೇಗ ಓದಲು ಬರುತ್ತದೆ. ಅಂಗಡಿಯವರಿಗೆ ‘ಯೆಕೆನ್ಯೆಲೆಯ್’ ಅಂತ ಥ್ಯಾಂಕ್ಸ್ ಹೇಳಿದರೆ ಮುಖ ಅರಳುತ್ತದೆ.

ಇಂಟರ್ನೆಟ್ ಮರೆತುಬಿಡು. ಮೊಬೈಲಿನಲ್ಲಿ ಡೇಟಾ ಇಲ್ಲವೇ ಇಲ್ಲ. ಸರ್ಕಾರದ ಎರಿಟೆಲ್ ಒಂದೇ ಕಂಪನಿ. ಇಂಟರ್ನೆಟ್ ಕೆಫೆಗೆ ಹೋಗಿ ಕಾಯಬೇಕು, ಸಿಕ್ಕರೂ ಆಮೆಯ ವೇಗ. ಕರೆಂಟು, ನೀರು ಆಗಾಗ ಕೈಕೊಡುತ್ತವೆ. ನಿಘಂಟು, ಕೇಳಿಸುವ ಪಾಠದ ಧ್ವನಿ, ಕಥೆಪುಸ್ತಕ ಎಲ್ಲವನ್ನೂ ಮೊದಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಾ. ರಾಜಕೀಯದ್ದು, ಧರ್ಮ ಪ್ರಚಾರದ್ದು ಒಂದು ಪುಟವೂ ಬೇಡ. ಆರ್ಥೊಡಾಕ್ಸ್, ಕ್ಯಾಥೊಲಿಕ್, ಲೂಥರನ್ ಚರ್ಚು ಮತ್ತು ಇಸ್ಲಾಂ, ಇಷ್ಟಕ್ಕೇ ಅಲ್ಲಿ ಮಾನ್ಯತೆ. ಬೇರೆ ಪಂಗಡದ ಪ್ರಾರ್ಥನೆಗೆ ಸೇರಿದ ಅಲ್ಲಿನವರನ್ನು ಜೈಲಿಗೆ ಹಾಕುತ್ತಾರೆ. ಅಸ್ಮಾರಾದ ಹೊರಗೆ ಹೋಗಬೇಕಾದರೆ ವಿದೇಶಿಯರು ಪರವಾನಗಿ ಪಡೆಯಬೇಕು. ಸೈನಿಕರ, ಸರ್ಕಾರಿ ಕಚೇರಿಗಳ, ಬ್ರೆಡ್ಡಿನ ಸಾಲಿನ ಫೋಟೋ ತೆಗೆಯಬೇಡ.

ದುಡ್ಡಿನ ವಿಷಯದಲ್ಲಿ ನಾಚಿಕೆ ಬೇಡ. ಅಲ್ಲಿನ ಹಣ ನಾಕ್ಫಾ. 2005ರಿಂದ ಒಂದು ಡಾಲರಿಗೆ 15 ನಾಕ್ಫಾ ಅಂತ ಸರ್ಕಾರ ಕಟ್ಟಿಹಾಕಿದೆ. ದೇಶದ ಹೊರಗೆ ನಾಕ್ಫಾಕ್ಕೆ ಬೆಲೆ ಇಲ್ಲ. 2015ರ ಕೊನೆಗೆ ಹಳೆಯ ನೋಟುಗಳನ್ನು ಬದಲಾಯಿಸಿದರು, ಆಮೇಲೆ ಬ್ಯಾಂಕಿನಿಂದ ತೆಗೆಯುವ ಹಣಕ್ಕೂ ಮಿತಿ ಹಾಕಿದರು. ನಮ್ಮ ಎಟಿಎಂ ಕಾರ್ಡು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಸಂಬಳ ಎಷ್ಟು ಅಂತ ಕೇಳಿದರೆ ಸಾಲದು. ಡಾಲರಿನಲ್ಲಿ ಎಷ್ಟು, ನಾಕ್ಫಾದಲ್ಲಿ ಎಷ್ಟು, ಡಾಲರಿನ ಭಾಗ ಯಾವ ಬ್ಯಾಂಕಿಗೆ ಹೇಗೆ ಬರುತ್ತದೆ, ಮಧ್ಯದಲ್ಲಿ ಬಿಟ್ಟರೆ ಟಿಕೆಟ್ ಯಾರದ್ದು, ಇವೆಲ್ಲ ಕಾಗದದ ಮೇಲೆ ಇರಲಿ. ಬಾಯಿಮಾತು ನಂಬಬೇಡ. ಬೀದಿಯಲ್ಲಿ ಡಾಲರ್ ಬದಲಾಯಿಸುತ್ತೇನೆ ಅಂತ ಬರುವವರ ಹತ್ತಿರ ಹೋಗಲೇಬೇಡ, ಅದು ಅಪರಾಧ.

ಇನ್ನು ಸರಿಯಾ ತಪ್ಪಾ ಅನ್ನುವ ಪ್ರಶ್ನೆ. ನಾವು ಹೋಗಿ ಆ ವ್ಯವಸ್ಥೆಗೇ ಕೈಜೋಡಿಸುತ್ತೇವೆ ಅನ್ನುವವರಿದ್ದಾರೆ. ಆ ಮಾತನ್ನು ನಾನು ಸುಳ್ಳು ಅನ್ನುವುದಿಲ್ಲ. ಕಾಲೇಜು ನಡೆಯುತ್ತಿದೆ ಅಂತ ಸರ್ಕಾರ ಹೇಳಿಕೊಳ್ಳುವುದು ನಮ್ಮಂಥವರು ಇರುವುದರಿಂದಲೂ ಹೌದು. ಆದರೆ ಒಂದು ಕ್ಲಾಸು ಮಕ್ಕಳು ಸಾವಾದ ಸೆಕೆಯಲ್ಲಿ ಓದಿ ಅಂಕ ತೆಗೆದು ಬಂದು ಎದುರಿಗೆ ಕೂತಿರುತ್ತಾರೆ. ಅವರಿಗೆ ನೀಟಾಗಿ ಒಂದು ಅರ್ಜಿ ಬರೆಯಲು, ಒಂದು ಪುಸ್ತಕವನ್ನು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಲು ಬರಬೇಕು. ನಾಳೆ ಅವರು ಅಲ್ಲೇ ಇರಲಿ, ಎಲ್ಲೇ ಇರಲಿ, ಅದನ್ನು ಅವರಿಂದ ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ನಾನು ಇಷ್ಟು ವರ್ಷ ಉಳಿದದ್ದು ಇದಕ್ಕೇ. ಕ್ರಾಂತಿ ಮಾಡುತ್ತೇನೆ ಅಂತ ಬರುವುದಾದರೆ ಬರಬೇಡ, ಅದರ ಬೆಲೆ ಆ ಮಕ್ಕಳು ತೆರುತ್ತಾರೆ. ಎರಡು ವರ್ಷದಲ್ಲಿ ಮನೆ ಕಟ್ಟಿಸುವಷ್ಟು ಉಳಿಸುತ್ತೇನೆ ಅಂದರೂ ಬೇಡ. ದಿನಾ ಅಮ್ಮನ ಜೊತೆ ವಿಡಿಯೊದಲ್ಲಿ ಮಾತಾಡದಿದ್ದರೆ ಆಗುವುದಿಲ್ಲ ಅಂದರೆ ಖಂಡಿತ ಬೇಡ. ಪಾಠ ಮಾಡುವುದು ನಿಜವಾಗಿ ಇಷ್ಟ, ಬಾಯಿ ಮುಚ್ಚಿಕೊಂಡು ಇರಬಲ್ಲೆ ಅಂದರೆ ಬಾ, ನಾನಿದ್ದೇನೆ.

ಬಂದ ಮೊದಲ ವಾರದಲ್ಲೇ ಯಾರಾದರೂ ಕಾಫಿಗೆ ಮನೆಗೆ ಕರೆಯುತ್ತಾರೆ. ಹೋಗು. ಹಸಿ ಬೀಜವನ್ನು ನಿನ್ನ ಮುಂದೆಯೇ ಹುರಿದು, ಜೆಬೆನಾ ಅನ್ನುವ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೆಯದು ಮುಗಿಯುವ ಮುಂಚೆ ಏಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ.

ಒಪ್ಪಂದದ ಪ್ರತಿ ಕೈಗೆ ಬಂದ ಕೂಡಲೇ ಸಂಬಳದ ಪುಟವನ್ನು ನನಗೆ ಕಳಿಸು, ನೋಡಿ ಹೇಳುತ್ತೇನೆ. ತಿಂಗಳ ಕೊನೆಯವರೆಗೆ ಹೊರಗಿರುತ್ತೇನೆ. ಆಮೇಲೆ ಬರೆದರೆ ಹವೆ, ಬಟ್ಟೆ, ಸಾಮಾನಿನ ಬಗ್ಗೆ ಮಾತ್ರ ಕೇಳು.