ಓದುಗರ ಪ್ರಶ್ನೆ, ವೈದ್ಯರ ಉತ್ತರ: ನೋವಿನ ಮಾತ್ರೆಯೇ ಅಮಲಾದಾಗ

ಪ್ರಶ್ನೆ: ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ನನ್ನ ಅಣ್ಣನಿಗೆ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ) ಗುಂಪಿನ ನೋವಿನ ಮಾತ್ರೆಯನ್ನು ಬರೆದುಕೊಟ್ಟಿದ್ದರು. ಗಾಯ ಮಾಯ್ದು ತಿಂಗಳುಗಳೇ ಕಳೆದರೂ ಅವನು ಅದನ್ನು ಬಿಟ್ಟಿಲ್ಲ. ಪ್ರಮಾಣವನ್ನೂ ತಾನಾಗಿಯೇ ಹೆಚ್ಚಿಸಿಕೊಂಡಿದ್ದಾನೆ. ಮಾತನಾಡುತ್ತಿರುವಾಗಲೇ ತೂಕಡಿಸುತ್ತಾನೆ. ಕೇಳಿದರೆ, ‘ವೈದ್ಯರೇ ಕೊಟ್ಟ ಔಷಧ, ಇದೇನು ಮಾದಕ ವಸ್ತುವೇ?’ ಎನ್ನುತ್ತಾನೆ. ಮಾತ್ರೆಗಳನ್ನು ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸಿಬಿಡಬಹುದೇ?

ಉತ್ತರ: ಬಚ್ಚಿಡಬೇಡಿ. ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವ ಓಪಿಯಾಯ್ಡ್ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಮೂಗು ಸೋರುವುದು, ಮೈನವಿರೇಳುವುದು, ಹೊಟ್ಟೆನುಲಿತ, ಭೇದಿ, ನಿದ್ರಾಹೀನತೆ ಇವೆಲ್ಲ ಶುರುವಾಗುತ್ತವೆ. ಆ ಸಂಕಟವನ್ನು ತಾಳಲಾರದೆ ಅವರು ಬೇರೆ ದಾರಿಯಿಂದ ಮಾತ್ರೆ ಸಂಪಾದಿಸುವ ಸಂಭವವೇ ಹೆಚ್ಚು. ವೈದ್ಯರ ಮೇಲ್ವಿಚಾರಣೆಯಲ್ಲಿ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಅಗತ್ಯವಿದ್ದರೆ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್‌ನಂಥ ಔಷಧಗಳಿಂದ ದೀರ್ಘಕಾಲದ ಚಿಕಿತ್ಸೆಯನ್ನು ನೀಡುತ್ತಾರೆ. ಇವೂ ಓಪಿಯಾಯ್ಡ್ ಗುಂಪಿನವೇ ಆದ್ದರಿಂದ ಇದನ್ನು ‘ಒಂದು ಚಟ ಬಿಡಿಸಲು ಇನ್ನೊಂದು ಚಟ’ ಎಂದು ಹೀಗಳೆಯುವವರಿದ್ದಾರೆ. ಜೀವ ಉಳಿಸುವ ಚಿಕಿತ್ಸೆಗೆ ಅದು ಅನ್ಯಾಯದ ಮಾತು.

ನಿಮ್ಮ ಅಣ್ಣನ ವಾದದಲ್ಲಿ ಅರ್ಧ ಸತ್ಯವಿದೆ. ವೈದ್ಯರು ಹೇಳಿದಂತೆಯೇ ಔಷಧ ಸೇವಿಸುವವರ ದೇಹವೂ ಅದಕ್ಕೆ ಒಗ್ಗಿಹೋಗುತ್ತದೆ, ಮತ್ತು ಹಾಗೆ ಒಗ್ಗುವುದಷ್ಟೇ ಚಟವಲ್ಲ. ಆದರೆ ನೋವು ಹೋದ ಮೇಲೂ ಮಾತ್ರೆ ಬೇಕೆನಿಸುವುದು, ಪ್ರಮಾಣ ಕೈಮೀರುವುದು, ಹಾನಿ ಕಣ್ಣೆದುರಿಗಿದ್ದರೂ ಬಿಡಲಾಗದಿರುವುದು ದುರ್ಬಳಕೆಯ ಗುರುತುಗಳು. ಹೆರಾಯಿನ್ ಕೂಡ 1898ರಲ್ಲಿ ಬೇಯರ್ ಕಂಪನಿಯ ಕೆಮ್ಮಿನ ಔಷಧವಾಗಿಯೇ ಮಾರುಕಟ್ಟೆಗೆ ಬಂದದ್ದು ಎಂಬುದನ್ನು ಅವರಿಗೆ ತಿಳಿಸಿ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಆ ತೂಕಡಿಕೆ. ಈ ಔಷಧಗಳು ನೋವನ್ನು ತಗ್ಗಿಸುವುದರ ಜೊತೆಗೆ ಮಿದುಳುಕಾಂಡದಲ್ಲಿರುವ ಉಸಿರಾಟದ ಕೇಂದ್ರವನ್ನೂ ಮಂದಗೊಳಿಸುತ್ತವೆ. ಅಮಲು ಹೆಚ್ಚಾದಾಗ ಸಾವು ಬರುವುದು ಬಹುಪಾಲು ಉಸಿರು ನಿಂತು. ಪ್ರಜ್ಞೆ ಮಸುಕಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಉಸಿರಾಟ ನಿಧಾನವಾಗುವುದು ಇದರ ಮೂರು ಮುಖ್ಯ ಲಕ್ಷಣಗಳು. ಪಾಪೆ ಕಿರಿದಾಗಿಲ್ಲವೆಂದು ಮಾತ್ರ ನಿರಾಳರಾಗಬೇಡಿ, ಏಕೆಂದರೆ ಆಮ್ಲಜನಕದ ಕೊರತೆ ತೀವ್ರವಾದಾಗ ಅದು ಹಿಗ್ಗಲೂಬಹುದು. ಗಂಟಲಲ್ಲಿ ಗೊರಗೊರ ಸದ್ದು ಕೇಳಿಸಿದರೆ ಮನೆಯವರು ‘ಗಾಢ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ’ ಎಂದುಕೊಂಡು ದೀಪ ಆರಿಸಿ ಹೋಗುವುದುಂಟು. ಹೆಸರು ಹಿಡಿದು ಕೂಗಿ, ಭುಜ ಅಲುಗಿಸಿ, ಎದೆಮೂಳೆಯನ್ನು ಬೆರಳಗೆಣ್ಣುಗಳಿಂದ ಗಟ್ಟಿಯಾಗಿ ಉಜ್ಜಿ ನೋಡಿ. ಏಳದಿದ್ದರೆ, ತುಟಿ ಅಥವಾ ಉಗುರು ನೀಲಿಗಟ್ಟಿದ್ದರೆ, ಅದು ನಿದ್ದೆಯಲ್ಲ. ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಉಸಿರಿಲ್ಲದಿದ್ದರೆ ಕೃತಕ ಉಸಿರಾಟ ಕೊಡಿ, ಉಸಿರಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಒಂಟಿಯಾಗಿ ಬಿಡಬೇಡಿ.

ನಲೋಕ್ಸೋನ್ ಎಂಬ ಪ್ರತ್ಯೌಷಧವು ಕೆಲವೇ ನಿಮಿಷಗಳಲ್ಲಿ ಉಸಿರಾಟವನ್ನು ಮರಳಿಸಬಲ್ಲದು. ಆದರೆ ಅದರ ಪ್ರಭಾವ ಸುಮಾರು 30ರಿಂದ 90 ನಿಮಿಷಗಳವರೆಗೆ ಮಾತ್ರ. ಮಾತ್ರೆಯ ಪ್ರಭಾವ ಅದಕ್ಕಿಂತ ದೀರ್ಘವಾಗಿದ್ದರೆ ರೋಗಿ ಮತ್ತೆ ಮಂಪರಿಗೆ ಜಾರುತ್ತಾನೆ. ಆದ್ದರಿಂದ ಎಚ್ಚರಗೊಂಡು ‘ನಾನು ಚೆನ್ನಾಗಿದ್ದೇನೆ’ ಎಂದು ಎದ್ದು ಕುಳಿತರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಮದ್ಯವಾಗಲಿ, ನಿದ್ದೆಮಾತ್ರೆಯಾಗಲಿ ಜೊತೆಗೆ ಸೇರಿದರೆ ಅಪಾಯ ಬಹುಬೇಗ ಬೆಳೆಯುತ್ತದೆ. ಅಣ್ಣ ಅವನ್ನೂ ಸೇವಿಸುತ್ತಾರೆಯೇ ಎಂಬುದನ್ನು ಇವತ್ತೇ ವಿಚಾರಿಸಿ.

ಪ್ರಶ್ನೆ: ಚಿಕಿತ್ಸೆ ಪಡೆದು ಕೆಲವು ವಾರ ಬಿಟ್ಟಿದ್ದವರು ಮತ್ತೊಮ್ಮೆ ಮೊದಲಿನಷ್ಟೇ ತೆಗೆದುಕೊಂಡರೆ ಹೆಚ್ಚಿನ ಅಪಾಯವಿಲ್ಲವೆಂದು ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?

ಉತ್ತರ: ಇಲ್ಲ, ನಿಜ ಇದಕ್ಕೆ ತೀರಾ ವಿರುದ್ಧ. ಬಿಟ್ಟ ಅವಧಿಯಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹಿಂದೆ ಸಲೀಸಾಗಿ ತಡೆದುಕೊಂಡಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಲ್ಲದು. ಚಿಕಿತ್ಸಾ ಕೇಂದ್ರದಿಂದಲೋ ಸೆರೆಮನೆಯಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಸಾವಿನ ಅಪಾಯ ಹೆಚ್ಚಾಗಿರುವುದು ಇದೇ ಕಾರಣಕ್ಕೆ. ಬೀದಿಯಲ್ಲಿ ಸಿಗುವ ಪುಡಿ, ಮಾತ್ರೆಗಳಲ್ಲಿ ಮಾರ್ಫಿನ್‌ಗಿಂತ 50ರಿಂದ 100 ಪಟ್ಟು ಪ್ರಬಲವಾದ ಫೆಂಟನಿಲ್ ಎಂಬ ಓಪಿಯಾಯ್ಡ್ ಬೆರೆತಿದ್ದರೆ ಅದನ್ನು ನೋಡಿ ಗುರುತಿಸಲಾಗುವುದಿಲ್ಲ. ಆ ಗೆಳೆಯರೇ ಹೀಗೆ ಬಿಟ್ಟಿರುವವರಾದರೆ, ಈ ಉತ್ತರವನ್ನು ಅವರಿಗೆ ಓದಿಹೇಳಿ, ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರನ್ನು ಈ ವಾರವೇ ಕಾಣುವಂತೆ ಮಾಡಿ.